ಹೈ ಹೀಲ್ಸ್ ಧರಿಸುವುದಕ್ಕೂ ಕೆಮ್ಮಿದಾಗ ಮೂತ್ರ ಸೋರುವುದಕ್ಕೂ ಸಂಬಂಧವಿದೆಯೇ?

ಪ್ರಶ್ನೆ:
ನನಗೆ 38 ವರ್ಷ, ಎರಡು ಸಹಜ ಹೆರಿಗೆಗಳಾಗಿವೆ. ಕೆಲಸದಲ್ಲಿ ದಿನವಿಡೀ ಸುಮಾರು 7 ಸೆಂ.ಮೀ. ಎತ್ತರದ ಹೀಲ್ಸ್ ಧರಿಸಿ ನಿಂತೇ ಇರುತ್ತೇನೆ. ಒಂದು ವರ್ಷದಿಂದ ಜೋರಾಗಿ ಕೆಮ್ಮಿದರೆ ಒಂದೆರಡು ಹನಿ ಮೂತ್ರ ಸೋರುತ್ತಿದೆ. ಸೀನು ಬರುವ ಸೂಚನೆ ಸಿಕ್ಕೊಡನೆ ತೊಡೆಗಳನ್ನು ಒತ್ತಿ ಹಿಡಿದು ನಿಲ್ಲುವುದು ಅಭ್ಯಾಸವೇ ಆಗಿಬಿಟ್ಟಿದೆ. ಸಂಜೆ ಚಪ್ಪಲಿ ಕಳಚಿ ಬರಿಗಾಲಿನಲ್ಲಿ ನಿಂತರೆ ಮೀನಖಂಡ ಸೆಳೆಯುತ್ತದೆ, ಹಿಮ್ಮಡಿ ಊರಲು ಕಷ್ಟವಾಗುತ್ತದೆ. ಹೀಲ್ಸ್‌ನಿಂದ ಶ್ರೋಣಿ ತಳದ ಸ್ನಾಯುಗಳು (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು) ದುರ್ಬಲವಾಗುತ್ತವೆ ಎಂದು ಒಬ್ಬರು ಹೇಳಿದರು, ಅವುಗಳಿಗೆ ಒಳ್ಳೆಯದೇ ಆಗುತ್ತದೆ ಎಂದು ಇನ್ನೊಂದೆಡೆ ಓದಿದೆ. ಯಾವುದನ್ನು ನಂಬಲಿ?

ಉತ್ತರ 1 (ಫಿಸಿಯೋಥೆರಪಿಸ್ಟ್):
ಎರಡೂ ಮಾತಿಗೆ ಮೂಲವಿದೆ, ಆದರೆ ಎರಡೂ ಆ ಮೂಲವನ್ನು ದಾಟಿ ಬಹಳ ಮುಂದೆ ಹೋಗಿವೆ. 2008ರಲ್ಲಿ ಇಟಲಿಯ ಮೂತ್ರರೋಗ ತಜ್ಞೆ ಮರಿಯಾ ಚೆರುತೊ ಅವರ ತಂಡ, 50 ವರ್ಷದೊಳಗಿನ 66 ಮಹಿಳೆಯರನ್ನು ಪರೀಕ್ಷಿಸಿ, ಪಾದ ನೆಲಕ್ಕೆ 15 ಡಿಗ್ರಿ ಓರೆಯಾಗಿದ್ದಾಗ, ಅಂದರೆ ಸುಮಾರು 5 ಸೆಂ.ಮೀ. ಹೀಲ್ಸ್ ಧರಿಸಿದಂತಿದ್ದಾಗ, ಈ ಸ್ನಾಯುಗಳ ವಿದ್ಯುತ್ ಚಟುವಟಿಕೆ ಕಡಿಮೆಯಾಗಿತ್ತೆಂದು ವರದಿ ಮಾಡಿತು. ಹೀಲ್ಸ್ ಒಳ್ಳೆಯದೆಂಬ ಸುದ್ದಿ ಹಬ್ಬಿದ್ದು ಅಲ್ಲಿಂದ. ಆದರೆ ಚಟುವಟಿಕೆ ಕಡಿಮೆಯಾಗಿದೆ ಎಂಬುದನ್ನು ಸ್ನಾಯು ಬಿಗಿತ ಕಳೆದು ವಿಶ್ರಮಿಸುತ್ತಿದೆ ಎಂದೂ ಅರ್ಥೈಸಬಹುದು, ಮಾಡಬೇಕಾದ ಕೆಲಸ ಮಾಡುತ್ತಿಲ್ಲ ಎಂದೂ ಅರ್ಥೈಸಬಹುದು. ಪಾದದ ಮುಂಭಾಗವನ್ನು ಮೇಲೆತ್ತಿ ನಿಂತಾಗ ಅದೇ ಚಟುವಟಿಕೆ ಹೆಚ್ಚುತ್ತದೆಂದು ಬೇರೆ ಅಳತೆಗಳು ತೋರಿಸಿವೆ. ಇವೆಲ್ಲ ಕೆಲವು ನಿಮಿಷಗಳ ಅಳತೆಗಳು. ವರ್ಷಗಟ್ಟಲೆ ಹೀಲ್ಸ್ ಧರಿಸಿದ್ದರಿಂದಲೇ ಮೂತ್ರ ಸೋರತೊಡಗಿತು ಎಂಬ ತೀರ್ಮಾನಕ್ಕೆ ಅವು ಸಾಲುವುದಿಲ್ಲ.

ನಿಮ್ಮ ಮೀನಖಂಡದ ಸೆಳೆತ ಮಾತ್ರ ಹೀಲ್ಸ್‌ನದೇ ಇರಬಹುದು. ಬಹುಕಾಲ ಹೀಲ್ಸ್ ಧರಿಸಿದರೆ ಅಲ್ಲಿನ ಸ್ನಾಯುತಂತುಗಳು ಗಿಡ್ಡವಾಗಿ, ಹಿಮ್ಮಡಿಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು) ಪೆಡಸಾಗುತ್ತದೆ. ಮೂತ್ರ ಸೋರಿಕೆಯ ವಿಷಯದಲ್ಲಾದರೆ ನಾನು ಮೊದಲು ಕೇಳುವುದು ಹೆರಿಗೆ, ಮಲಬದ್ಧತೆ, ದೀರ್ಘಕಾಲದ ಕೆಮ್ಮು ಮತ್ತು ತೂಕದ ಬಗ್ಗೆ, ಆನಂತರವೇ ಚಪ್ಪಲಿಯ ಬಗ್ಗೆ.

ಉತ್ತರ 2:
ಎರಡನೆಯ ಹೆರಿಗೆಯ ನಂತರ ನನಗೂ ಇದೇ ತೊಂದರೆಯಿತ್ತು. ಹೀಲ್ಸ್ ಬಿಟ್ಟು ಚಪ್ಪಟೆ ಚಪ್ಪಲಿಗೆ ಒಂದೇ ದಿನ ಬದಲಾದೆ. ಆರು ತಿಂಗಳು ಕಾದರೂ ಸೋರಿಕೆ ನಿಲ್ಲಲಿಲ್ಲ, ಬದಲಿಗೆ ಹಿಮ್ಮಡಿ ನೋವು ಶುರುವಾಯಿತು. ಕೊನೆಗೆ ಫಿಸಿಯೋಥೆರಪಿಸ್ಟ್ ಬಳಿ ಹೋದಾಗ ತಿಳಿದದ್ದು ಇಷ್ಟು: ಸ್ನಾಯು ಬಿಗಿಯುತ್ತಿದ್ದೇನೆ ಎಂದುಕೊಂಡು ನಾನು ಉಸಿರು ಕಟ್ಟಿ ಕೆಳಕ್ಕೆ ಒತ್ತುತ್ತಿದ್ದೆ. ಗಾಳಿ ಹೋಗದಂತೆ ತಡೆಯುವ ಹಾಗೆ ಒಳಕ್ಕೂ ಮೇಲಕ್ಕೂ ಎಳೆದು, ಅಷ್ಟೇ ನಿಧಾನವಾಗಿ ಪೂರ್ತಿ ಸಡಿಲಿಸಬೇಕೆಂದು ಅವರು ಕಲಿಸಿದರು. ಕೆಮ್ಮು ಬರುವ ಮೊದಲೇ ಬಿಗಿಹಿಡಿಯುವುದು ರೂಢಿಯಾದ ಮೇಲೆ ನಾನು ಪ್ಯಾಡ್ ಬಿಟ್ಟೆ. ಹೀಲ್ಸ್‌ನ ಎತ್ತರ ತಗ್ಗಿಸುವುದಾದರೆ ದಯವಿಟ್ಟು ಹಂತಹಂತವಾಗಿ ತಗ್ಗಿಸಿ.

ಉತ್ತರ 3 (ಪ್ರಸೂತಿ ವಿಭಾಗದ ನರ್ಸ್):
ಮೇಲಿನವರು ಹೇಳಿದ್ದು ಕೆಗೆಲ್ ವ್ಯಾಯಾಮ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ವಿವರಿಸಿದರು. ಒಮ್ಮೆಗೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಮಾಡಬೇಕೆಂದು ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ಆದರೆ ಕೆಲವರಲ್ಲಿ ಈ ಸ್ನಾಯುಗಳು ಸದಾ ಬಿಗಿದೇ ಇರುತ್ತವೆ. ಸಂಭೋಗದಲ್ಲಿ ನೋವು, ಮೂತ್ರ ಪೂರ್ತಿ ಹೋಗದಂತಹ ಅನುಭವ ಇರುವವರು ಪರೀಕ್ಷೆ ಮಾಡಿಸದೆ ಇನ್ನಷ್ಟು ಬಿಗಿಯುವ ವ್ಯಾಯಾಮ ಆರಂಭಿಸಬಾರದು. ಯೋನಿಯಲ್ಲಿ ಏನೋ ಕೆಳಗೆ ಜಾರಿದಂತೆನಿಸಿದರೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ವೈದ್ಯರನ್ನು ಕಾಣಲು ತಡಮಾಡಬೇಡಿ. ತೊಡೆಗಳ ನಡುವೆ ಮರಗಟ್ಟಿದರಂತೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಇದನ್ನು ಓದುತ್ತಲೇ ಹೊಟ್ಟೆಯ ಮೇಲೆ ಕೈಯಿಟ್ಟು ಸ್ನಾಯು ಬಿಗಿದು ನೋಡಿದೆ. ನಾನೂ ಉಸಿರು ಕಟ್ಟಿಯೇ ಇದ್ದೆ, ಹೊಟ್ಟೆ ಹೊರಕ್ಕೆ ಉಬ್ಬಿತು. ಪರೀಕ್ಷೆಗೆ ಸಮಯ ಗೊತ್ತುಪಡಿಸಿಕೊಂಡಿದ್ದೇನೆ. ಅಲ್ಲಿಯವರೆಗೆ 4 ಸೆಂ.ಮೀ. ಹೀಲ್ಸ್ ಧರಿಸುತ್ತೇನೆ.