ಪದಚರ್ಚೆ: ಬರೆ, ಜಾರಿ, ನೆಲ ಅಂತಸ್ತು – ಮನೆ ಕಟ್ಟುವ ನಿಯಮಕ್ಕೆ ಕೊಡಗಿನ ಕನ್ನಡ

ಎಲ್ಲರಿಗೂ ನಮಸ್ಕಾರ.

ಮಡಿಕೇರಿ ಸುತ್ತಮುತ್ತ ಹೊಸದಾಗಿ ಮನೆ ಕಟ್ಟಿಸುವವರಿಗೆ ಅಂತ ನಾವು ಕೆಲವರು ಸೇರಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಯಾರ ಹತ್ತಿರ ಅನುಮತಿ ಕೇಳಬೇಕು, ಎಷ್ಟು ಜಾಗ ಬಿಡಬೇಕು, ಬಿಡದಿದ್ದರೆ ಏನಾಗುತ್ತದೆ, ಇಷ್ಟೇ ವಿಷಯ. ಕಾನೂನು ಗೊತ್ತಿರುವವರು ಬೇರೆ ಇದ್ದಾರೆ, ಪ್ಲಾನ್ ಹಾಕುವವರು ಬೇರೆ ಇದ್ದಾರೆ. ಕನ್ನಡ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೆಲವು ಪದಗಳ ಹತ್ತಿರ ಬಂದಾಗ ಕೈ ನಿಲ್ಲುತ್ತಿದೆ. ಕೊಡಗಿನವರೂ ಹೊರಗಿನವರೂ ನಿಮ್ಮ ಕಡೆ ಏನಂತಾರೆ ಹೇಳಿದರೆ ಉಪಕಾರ.

ಮೊದಲು ‘ಬಿಲ್ಡಿಂಗ್ ಕೋಡ್’. ಪತ್ರಿಕೆಗಳಲ್ಲಿ ‘ರಾಷ್ಟ್ರೀಯ ಕಟ್ಟಡ ಸಂಹಿತೆ’ ಅಂತ ಕಾಣುತ್ತದೆ. ಸಂಹಿತೆ ಅಂದ ಕೂಡಲೇ ನಮಗೆ ನೆನಪಾಗುವುದು ದಂಡ ಸಂಹಿತೆ, ನ್ಯಾಯ ಸಂಹಿತೆ. ಅಂದರೆ ಮೀರಿದರೆ ಶಿಕ್ಷೆ ಇರುವ ಕಾನೂನು. ಈ ಕಟ್ಟಡ ಸಂಹಿತೆ ಹಾಗಲ್ಲ. ಅದು ಮೊದಲು ಬಂದದ್ದು 1970ರಲ್ಲಿ, ಆಮೇಲೆ 1983, 2005 ಮತ್ತು 2016ರಲ್ಲಿ ಪರಿಷ್ಕರಣೆ ಆಯಿತು. ಈಗ ಹೊರತರುವುದು ಭಾರತೀಯ ಮಾನಕ ಬ್ಯೂರೋ. ಬೆಂಕಿ, ಗಾಳಿ, ಭೂಕಂಪ, ಮೆಟ್ಟಿಲ ಅಗಲ, ಎಲ್ಲವೂ ಅದರಲ್ಲಿದೆ. ಆದರೆ ತಾನಾಗಿ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ರಾಜ್ಯವೋ ಸ್ಥಳೀಯ ಸಂಸ್ಥೆಯೋ ಅದನ್ನು ತನ್ನ ನಿಯಮದ ಒಳಗೆ ತಂದುಕೊಂಡ ಮೇಲೆಯೇ ಅದಕ್ಕೆ ಬಲ. ಹಾಗಾಗಿ ಕೈಪಿಡಿಯಲ್ಲಿ ‘ಕಟ್ಟಡ ಸಂಹಿತೆ’ ಅಂತ ಬರೆದರೆ ಓದುವವರು ದಾರಿ ತಪ್ಪುತ್ತಾರೆ ಅನ್ನುವುದು ನನ್ನ ಅನುಮಾನ. ‘ಕಟ್ಟಡ ಕೈಗನ್ನಡಿ’ ಅಂತ ಒಬ್ಬರು ಸೂಚಿಸಿದರು. ಅದು ತೀರಾ ಸೌಮ್ಯ ಆಯಿತು. ‘ಕಟ್ಟಡ ಮಾನಕ’ ಹೇಗೆ?

ಕಟ್ಟುವವರ ಕೈಗೆ ನಿಜವಾಗಿ ತಾಗುವುದು ‘ಬೈಲಾ’, ಅಂದರೆ ಸ್ಥಳೀಯ ಸಂಸ್ಥೆ ತನ್ನ ಊರಿಗೆ ಮಾಡಿಕೊಂಡ ನಿಯಮ. ಮಡಿಕೇರಿ ನಗರಸಭೆಯ ಒಳಗೆ ಆದರೆ 1964ರ ಪುರಸಭೆಗಳ ಕಾಯ್ದೆ, ಕಟ್ಟುವ ಅನುಮತಿಗೆ ಅದರ 187ನೇ ಪ್ರಕರಣ. ಹಳ್ಳಿಯಲ್ಲಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ. ಇವುಗಳ ಕೆಳಗೆ ಬರುವುದೇ ಬೈಲಾ. ಸರ್ಕಾರಿ ಕನ್ನಡದಲ್ಲಿ ‘ಉಪವಿಧಿ’, ಕೆಲವೆಡೆ ‘ಉಪನಿಯಮ’. ಕೊಡಗಿನಲ್ಲಿ ಸಹಕಾರ ಸಂಘದ ಮಹಾಸಭೆಗೆ ಹೋದ ಯಾರಿಗಾದರೂ ಬೈಲಾ ಗೊತ್ತು. ಉಪವಿಧಿ ಅಂದರೆ ಯಾವುದೋ ಪೂಜೆ ಅಂದುಕೊಳ್ಳುತ್ತಾರೆ. ಬೈಲಾದ ‘ಬೈ’ಗೆ ಹಳೆಯ ನಾರ್ಡಿಕ್ ಭಾಷೆಯಲ್ಲಿ ಊರು ಅಂತ ಅರ್ಥವಂತೆ, ಅಂದರೆ ಊರಿನ ಕಾನೂನು. ಇದನ್ನು ಕೇಳಿದ ನಮ್ಮ ಗುಂಪಿನ ಒಬ್ಬರು ‘ಹಾಗಾದರೆ ಊರುಕಟ್ಟಳೆ ಅನ್ನೋಣ’ ಅಂದರು. ಕಟ್ಟಡ, ಕಟ್ಟಳೆ, ಎರಡಕ್ಕೂ ಬೇರು ಒಂದೇ, ಚಂದ ಇದೆ. ಆದರೆ ಕೊಡಗಿನಲ್ಲಿ ‘ಕಟ್ಟು’ ಅನ್ನುವುದಕ್ಕೆ ಬೇರೆಯೇ ಜೀವ ಇದೆ. ಊರ ದೇವರ ಹಬ್ಬಕ್ಕೆ ಮುಂಚೆ ಕಟ್ಟು ಬೀಳುತ್ತದೆ, ಆಗ ಮರ ಕಡಿಯುವುದಿಲ್ಲ, ಪ್ರಾಣಿ ಕೊಲ್ಲುವುದಿಲ್ಲ. ಅದನ್ನು ಜನ ಪಾಲಿಸುವುದು ನೋಟಿಸಿಗೆ ಹೆದರಿ ಅಲ್ಲ. ಎರಡನ್ನೂ ಒಂದೇ ಪದದಲ್ಲಿ ಕೂರಿಸುವುದು ನನಗೆ ಒಗ್ಗಲಿಲ್ಲ. ನನ್ನ ಮತ ಬೈಲಾಕ್ಕೇ.

ಇದರ ಜೊತೆಗೆ ಬರುವ ‘ಮಾದರಿ’ ಇನ್ನೊಂದು ತೊಡಕು. ‘ಮಾದರಿ ಕಟ್ಟಡ ಬೈಲಾ’ವನ್ನು ರಾಜ್ಯ ಸರ್ಕಾರ ಹೊರಡಿಸುತ್ತದೆ. ಮಾದರಿ ಶಾಲೆ, ಮಾದರಿ ರೈತ ಅಂತ ಕೇಳಿ ಅಭ್ಯಾಸ ಆದವರಿಗೆ ಇದು ‘ಒಳ್ಳೆಯ ಬೈಲಾ’ ಅನಿಸುತ್ತದೆ. ಇಲ್ಲಿ ಮಾದರಿ ಅಂದರೆ ಅಚ್ಚು. ನೋಡಿಕೊಂಡು ನಿಮ್ಮ ಊರಿನದನ್ನು ಮಾಡಿಕೊಳ್ಳಿ ಅಂತ ಕೊಟ್ಟದ್ದು. ‘ನಮೂನೆ’ ಅನ್ನೋಣ ಅಂದರೆ ಪಂಚಾಯ್ತಿಯಲ್ಲಿ ಆಸ್ತಿ ದಾಖಲೆಯ ನಮೂನೆ 9, ನಮೂನೆ 11 ಕೂತಿವೆ. ಗೊಂದಲ ಇನ್ನೂ ಜಾಸ್ತಿ. ಇದಕ್ಕೊಂದು ಪದ ಬೇಕು.

ಈಗ ‘ಜಾರಿ’ಗೆ ಬರುತ್ತೇನೆ. ಅರಬ್ಬಿಯಿಂದ ಫಾರ್ಸಿ, ಉರ್ದು ದಾಟಿ ಬಂದ ಪದ, ಹರಿಯುತ್ತಿರುವುದು ಅಂತ ಮೂಲ ಅರ್ಥ. ನಮ್ಮ ‘ಜಾರು’ಗೂ ಇದಕ್ಕೂ ನಂಟಿಲ್ಲ. ಕೊಡಗಿನ ಜುಲೈ ತಿಂಗಳಲ್ಲಿ ಮಾತ್ರ ಈ ನಂಟು ಬೇಡವೆಂದರೂ ನೆನಪಾಗುತ್ತದೆ, ಬಿಡಿ. ನನ್ನ ತೊಂದರೆ ಬೇರೆ. ಈ ವಾಕ್ಯಗಳನ್ನು ನೋಡಿ. ‘ಏಪ್ರಿಲ್ ಒಂದರಿಂದ ಹೊಸ ನಿಯಮ ಜಾರಿ.’ ‘ಕಟ್ಟಡ ಮಾಲೀಕರಿಗೆ ನೋಟಿಸ್ ಜಾರಿ.’ ‘ನಿಯಮ ಕಟ್ಟುನಿಟ್ಟಾಗಿ ಜಾರಿ ಮಾಡಲು ಒತ್ತಾಯ.’ ಮೊದಲನೆಯದರಲ್ಲಿ ನಿಯಮ ಕಾಗದದ ಮೇಲೆ ಬದುಕಲು ಶುರುಮಾಡಿದೆ, ಅಷ್ಟೇ. ಎರಡನೆಯದರಲ್ಲಿ ಒಂದು ಕಾಗದ ಕಚೇರಿಯಿಂದ ಹೊರಟಿದೆ. ಮೂರನೆಯದರಲ್ಲಿ ಮಾತ್ರ ಯಾರೋ ಟೇಪ್ ಹಿಡಿದು ಜಾಗಕ್ಕೆ ಹೋಗಬೇಕು, ಅಳೆಯಬೇಕು, ಜಾಸ್ತಿ ಕಟ್ಟಿದ್ದರೆ ನಿಲ್ಲಿಸಬೇಕು. ಮೂರಕ್ಕೂ ಒಂದೇ ಪದ. ‘ನಿಯಮ ಜಾರಿಯಲ್ಲಿದೆ’ ಅಂತ ಅಧಿಕಾರಿ ಹೇಳಿದಾಗ ಅದು ಸುಳ್ಳಲ್ಲ. ‘ಎಲ್ಲಿ ಜಾರಿಯಲ್ಲಿದೆ?’ ಅಂತ ಪಕ್ಕದ ಮನೆಯವರು ಕೇಳಿದಾಗ ಅದೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ಜಾರಿಯ ಮಾತಾಡುತ್ತಿದ್ದಾರೆ ಅಲ್ವಾ?

ಅದಕ್ಕೆ ಕೈಪಿಡಿಯಲ್ಲಿ ಹೀಗೆ ಬೇರ್ಪಡಿಸಿದ್ದೇನೆ. ರಾಜ್ಯ ಮಾದರಿಯನ್ನು ‘ಹೊರಡಿಸುತ್ತದೆ’. ನಗರಸಭೆಯೋ ಪಂಚಾಯ್ತಿಯೋ ಅದನ್ನು ‘ಅಂಗೀಕರಿಸುತ್ತದೆ’. ಬೈಲಾ ‘ಜಾರಿಗೆ ಬರುತ್ತದೆ’. ನೋಟಿಸ್ ‘ಕೊಡುತ್ತಾರೆ’. ಕೊನೆಯದಕ್ಕೆ ಒಳ್ಳೆಯ ಒಂಟಿ ಕ್ರಿಯಾಪದ ಸಿಗುತ್ತಿಲ್ಲ. ಮಾಡಿಸು, ಕಟ್ಟಿಸು ಇದ್ದ ಹಾಗೆ ‘ಪಾಲಿಸಿಸು’ ಕನ್ನಡದಲ್ಲಿ ನಿಲ್ಲುವುದಿಲ್ಲ. ‘ಪಾಲಿಸುವಂತೆ ನೋಡಿಕೊಳ್ಳುವುದು’ ಅಂದರೆ ಮಗುವನ್ನು ನೋಡಿಕೊಂಡಂತೆ ಕೇಳುತ್ತದೆ. ‘ನಡೆಸು’ ಅನ್ನುವ ಹಳೆಯ ಪದ ಹೊಂದೀತೇ? ‘ಬೈಲಾ ನಡೆಸುವವರು ಪಂಚಾಯ್ತಿ’ ಅಂದರೆ ಅರ್ಥ ಆಗುತ್ತದೆಯೇ?

‘ಅಂಗೀಕಾರ’ ಮತ್ತು ‘ಅಳವಡಿಕೆ’ ಬಗ್ಗೆಯೂ ಒಂದು ಮಾತು. ಇವೆರಡನ್ನೂ ಒಂದೇ ಅನ್ನುವ ಹಾಗೆ ಬಳಸುತ್ತಾರೆ. ನನ್ನ ಕಿವಿಗೆ ಅಂಗೀಕಾರದಲ್ಲಿ ಕೈ ಎತ್ತಿ ಒಪ್ಪಿದ್ದು ಮಾತ್ರ ಇದೆ. ಅಳವಡಿಕೆಯಲ್ಲಿ ಅಳತೆ ನೋಡಿ ತನಗೆ ಹೊಂದಿಸಿಕೊಂಡದ್ದು ಇದೆ. ಬಯಲು ಸೀಮೆಯ ಊರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದ ಮಾದರಿಯನ್ನು ಇಳಿಜಾರಿನ ಊರು ಒಪ್ಪಿದರೆ ಅದು ಅಂಗೀಕಾರ. ಅಳವಡಿಕೆ ಆಗಬೇಕಾದರೆ ಇಳಿಜಾರಿನ ಮಾತು ಒಳಗೆ ಬರಬೇಕು.

ಆ ಮಾತು ಎಲ್ಲಿ ತಪ್ಪಿಹೋಗುತ್ತದೆ ಅಂತ ತೋರಿಸಲು ಮಡಿಕೇರಿಯ ಯಾವುದಾದರೂ ಏರು ರಸ್ತೆಯ ಮನೆಯೊಂದನ್ನು ತೆಗೆದುಕೊಳ್ಳಿ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು. ಗೇಟು ತೆಗೆದು ನೇರ ಹಾಲ್‌ಗೆ ಕಾಲಿಡುತ್ತೀರಿ. ಹಾಲಿನ ಮೂಲೆಯಲ್ಲಿ ಮೆಟ್ಟಿಲು ಇರುತ್ತದೆ, ಅದು ಕೆಳಕ್ಕೆ ಇಳಿಯುತ್ತದೆ. ಅಲ್ಲಿ ಮಲಗುವ ಕೋಣೆಗಳು. ಇನ್ನೂ ಇಳಿದರೆ ಬಾಡಿಗೆಗೆ ಕೊಟ್ಟ ‘ಕೆಳಗಿನ ಮನೆ’. ಅದರ ಬಾಗಿಲು ಹಿಂದಿನ ಓಣಿಗೆ ತೆರೆಯುತ್ತದೆ. ಕಣಿವೆಯ ಕಡೆಯಿಂದ ನೋಡಿದವರಿಗೆ ಇದು ಮೂರು ಅಂತಸ್ತಿನ ಕಟ್ಟಡ. ಈಗ ಹೇಳಿ, ಇದರಲ್ಲಿ ‘ನೆಲ ಅಂತಸ್ತು’ ಯಾವುದು? ರಸ್ತೆ ಮಟ್ಟದ್ದು ಅನ್ನುವುದಾದರೆ ಕೆಳಗಿನ ಎರಡೂ ‘ನೆಲಮಾಳಿಗೆ’ ಆಗಬೇಕು. ಆದರೆ ಅವಕ್ಕೆ ಕಿಟಕಿ ಇದೆ, ಬಿಸಿಲು ಬರುತ್ತದೆ, ಜನ ಸಂಸಾರ ಮಾಡುತ್ತಿದ್ದಾರೆ. ನೆಲಮಾಳಿಗೆ ಅಂದರೆ ಕಾರು ನಿಲ್ಲಿಸುವ, ಸಾಮಾನು ತುಂಬುವ ಕತ್ತಲೆ ಜಾಗ ಅನ್ನುವುದು ಊರಿಗೆಲ್ಲ ಗೊತ್ತಿರುವ ಅರ್ಥ. ‘ನೆಲ + 1’ ಅಂತ ಬರೆಯುವ ಫಾರಂ ಕೆಳಕ್ಕೆ ಎಣಿಸುವುದಿಲ್ಲ. ಕಟ್ಟಡದ ಎತ್ತರ ಎಷ್ಟು ಅನ್ನುವ ಪ್ರಶ್ನೆಗೂ ಇದೇ ಗತಿ. ಎಲ್ಲಿಂದ ಅಳೆಯಬೇಕು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ‘ಇಳಿ ಅಂತಸ್ತು’ ಅಂತ ಒಂದು ಪದ ನನ್ನ ತಲೆಯಲ್ಲಿ ಬಂದಿದೆ. ಏರುವುದಕ್ಕೆ ಮಹಡಿ, ಇಳಿಯುವುದಕ್ಕೆ ಇಳಿ ಅಂತಸ್ತು. ಬೇರೆ ಗುಡ್ಡದ ಊರಿನವರು, ಸಕಲೇಶಪುರ, ಕೊಪ್ಪ ಕಡೆಯವರು ಏನಂತೀರಿ?

ಈಗ ‘ಸೆಟ್‌ಬ್ಯಾಕ್’. ಗಡಿಗೂ ಕಟ್ಟಡದ ಗೋಡೆಗೂ ನಡುವೆ ಖಾಲಿ ಬಿಡಬೇಕಾದ ಜಾಗ. ಜನ ಸೆಟ್‌ಬ್ಯಾಕ್ ಅಂತಲೇ ಹೇಳುತ್ತಾರೆ, ನಾನೂ ಹಾಗೇ ಇಟ್ಟಿದ್ದೇನೆ. ಹಿನ್ಸರಿತ, ಹಿಂಬಿಡು ಯಾವುದೂ ಬೇಡ. ಪದದ ತಕರಾರು ಇಲ್ಲಿಲ್ಲ. ಮನೆ ಹಿಂದೆ ಗುಡ್ಡ ಇದ್ದಾಗ ಹಿಟಾಚಿ ತಂದು ಜಾಗ ಮಟ್ಟ ಮಾಡುತ್ತಾರೆ. ಹಿಂದೆ ಹದಿನೈದಿಪ್ಪತ್ತು ಅಡಿ ಎತ್ತರಕ್ಕೆ ಕೆಂಪು ಮಣ್ಣು ನೇರವಾಗಿ ನಿಲ್ಲುತ್ತದೆ. ಅದರ ಬುಡದಿಂದ ಮೂರು ನಾಲ್ಕು ಅಡಿ ಬಿಟ್ಟು ಅಡುಗೆಮನೆಯ ಗೋಡೆ ಏಳುತ್ತದೆ. ಗಡಿ ಕಲ್ಲು ಮೇಲೆ ಇದೆಯೋ ಬುಡದಲ್ಲಿದೆಯೋ, ಅಡ್ಡಲಾಗಿ ಅಳೆದರೆ ಸೆಟ್‌ಬ್ಯಾಕ್ ಸರಿಯಾಗಿದೆ. ಜೂನ್ ಬಂದಾಗ ಆ ಮಣ್ಣಿನ ಮೇಲೆ ನೀಲಿ ಟಾರ್ಪಾಲು ಹೊದಿಸುತ್ತಾರೆ, ಅಂಚಿಗೆ ಕಲ್ಲು ಇಡುತ್ತಾರೆ. ಪಾತ್ರೆ ತೊಳೆಯುತ್ತಾ ಕಿಟಕಿಯಿಂದ ನೋಡಿದರೆ ಟಾರ್ಪಾಲಿನ ಕೆಳಗಿನಿಂದ ಕೆಂಪು ನೀರು ಒಸರುತ್ತಿರುತ್ತದೆ.

ಆ ನಿಂತ ಮಣ್ಣಿಗೆ ಕೊಡಗಿನಲ್ಲಿ ‘ಬರೆ’ ಅನ್ನುತ್ತೇವೆ. ರಸ್ತೆ ಬರೆ, ತೋಟದ ಬರೆ, ಮನೆ ಹಿಂದಿನ ಬರೆ. ಇಲ್ಲಿನ ಪತ್ರಿಕೆಗಳಲ್ಲಿ ಮಳೆಗಾಲ ಪೂರ್ತಿ ‘ಬರೆ ಕುಸಿತ’ ಇರುತ್ತದೆ. ಬೆಂಗಳೂರಿನಿಂದ ಬಂದ ಸುದ್ದಿಯಲ್ಲಿ ಮಾತ್ರ ಎಲ್ಲವೂ ‘ಭೂಕುಸಿತ’. ಈ ಎರಡರ ನಡುವೆ ದೊಡ್ಡ ಅಂತರ ಇದೆ ಅನ್ನುವುದು ನನ್ನ ವಾದ. ಭೂಕುಸಿತ ಅಂದರೆ ಭೂಮಿ ತಾನಾಗಿ ಕುಸಿದ ಹಾಗೆ, ಯಾರ ಕೈಯೂ ಇಲ್ಲ. ಬರೆ ಹೆಚ್ಚಾಗಿ ಯಾರೋ ಕಡಿದಾಗ ಉಂಟಾಗುವಂಥದ್ದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಇಳಿದು ಬಂದವು. ವಿಪರೀತ ಮಳೆ ಸುರಿದಿತ್ತು, ಹೌದು. ರಸ್ತೆ, ಮನೆ, ಹೋಂಸ್ಟೇಗಳಿಗೆ ಇಳಿಜಾರು ಕಡಿದದ್ದರ ಮಾತೂ ಆಗ ಭೂವಿಜ್ಞಾನಿಗಳಿಂದ ಬಂತು. ಮಳೆಗೆ ಬೈಲಾ ಬರೆಯಲು ಆಗುವುದಿಲ್ಲ. ಬರೆಗೆ ಆಗುತ್ತದೆ. ಎಷ್ಟು ಎತ್ತರ ಕಡಿಯಬಹುದು, ಯಾವ ಓರೆಯಲ್ಲಿ ಕಡಿಯಬೇಕು, ಬುಡದಿಂದ ಗೋಡೆ ಎಷ್ಟು ದೂರ, ತಡೆಗೋಡೆಯಲ್ಲಿ ನೀರು ಹೊರಹೋಗಲು ತೂತು ಎಲ್ಲಿ. ಗುಡ್ಡಗಾಡಿನ ವಾಸದ ಮನೆಗಳಿಗೆ ಅಂತಲೇ ಮಾನಕ ಬ್ಯೂರೋದ ಐಎಸ್ (ಭಾರತೀಯ ಮಾನಕ) 14804 ಇದೆ, ತಡೆಗೋಡೆಗೆ ಐಎಸ್ 14458 ಇದೆ. ಇಂಥವನ್ನು ಕನ್ನಡದಲ್ಲಿ ಹೇಳಬೇಕಾದರೆ ಬರೆ ಅನ್ನುವ ಪದ ಇಲ್ಲದೆ ನನಗೆ ಆಗುತ್ತಿಲ್ಲ. ‘ಕೃತಕ ಕಡಿದಾದ ಇಳಿಜಾರು’ ಅಂತ ಬರೆದರೆ ಮೇಸ್ತ್ರಿಯೂ ಓದುವುದಿಲ್ಲ, ಮಾಲೀಕರೂ ಓದುವುದಿಲ್ಲ.

ಆದರೆ ಕೊಡಗಿನ ಹೊರಗೆ ಬರೆ ಅಂದರೆ ಕಾಯಿಸಿದ ಕಬ್ಬಿಣದಿಂದ ಎಳೆಯುವ ಬರೆ. ಅಥವಾ ಬರೆಯುವುದು. ಮಲೆನಾಡಿನ ಕಡೆ ಇದೇ ಮಣ್ಣಿನ ಗೋಡೆಗೆ ‘ದರೆ’ ಅನ್ನುತ್ತಾರೆ. ಪತ್ರಿಕೆಗಳು ಅದನ್ನು ‘ಧರೆ’ ಮಾಡಿ ಭೂದೇವಿಯನ್ನೇ ಕುಸಿಯುವಂತೆ ಮಾಡಿವೆ. ಸುಳ್ಯ, ಪುತ್ತೂರಿನ ಕಡೆ ‘ಗುಡ್ಡ ಜರಿಯಿತು’ ಅನ್ನುವುದು ಕೇಳಿದ್ದೇನೆ. ತಮಿಳಿನಲ್ಲಿ ‘ವರೈ’ ಅಂದರೆ ಬೆಟ್ಟ, ಎಲ್ಲೆ, ಗೆರೆ, ಬರೆಯುವುದು ಎಲ್ಲವೂ. ಅಲ್ಲಿನ ವಕಾರ ನಮ್ಮಲ್ಲಿ ಬಕಾರ ಆಗುವುದು ಹೊಸದೇನಲ್ಲ. ನಮ್ಮ ‘ಬರೆ’ ಅದರ ನೆಂಟನೇ? ‘ವರೆಗೆ’ ಕೂಡ ಅದೇ ಮನೆಯದೇ? ನಿಘಂಟು ನೋಡಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ.

ಉಳಿದವು ಚಿಲ್ಲರೆ. ಪರವಾನಗಿಯೋ ಪರವಾನಿಗೆಯೋ? ನಾನು ಮೊದಲನೆಯದನ್ನು ಇಟ್ಟಿದ್ದೇನೆ. ‘ಅಲಿನೇಷನ್ ಆಗಿದೆಯಾ’ ಅಂತ ಎಲ್ಲರೂ ಕೇಳುತ್ತಾರೆ, ಅವರಿಗೆ ಬೇಕಾದದ್ದು ಭೂಕಂದಾಯ ಕಾಯ್ದೆಯ 95ನೇ ಪ್ರಕರಣದ ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು. ಮೂಲ ಇಂಗ್ಲಿಷ್ ಪದಕ್ಕೆ ಆಸ್ತಿ ಕೈಬದಲಾಗುವುದು ಅಂತ ಅರ್ಥ, ಆದರೆ ಇನ್ನು ತಿದ್ದಲು ಆಗದು. ‘ಅಕ್ರಮ ಸಕ್ರಮ’ ಅಂದರೆ ಪೇಟೆಯಲ್ಲಿ ಪ್ಲಾನ್ ಮೀರಿ ಕಟ್ಟಿದ ಕಟ್ಟಡ, ಹಳ್ಳಿಯಲ್ಲಿ ಬಗರ್‌ಹುಕುಂ ಜಮೀನು, ಅಂದರೆ ಅನುಮತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನು. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಹಾಕುತ್ತಿದ್ದೇವೆ. ‘ನಮ್ದು 94ಸಿ ಆಗಿದೆ’ ಅನ್ನುವವರಿಗೆ ಅದು ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯ ಅಡಿಯ ಜಾಗದ ಹಕ್ಕು, ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಲು ಅನುಮತಿ ಅಲ್ಲ ಅಂತ ಹೇಳಬೇಕಾಗಿದೆ.

ಕಟ್ಟಿ ಮುಗಿದ ಮನೆಯಲ್ಲಿ ವಾಸ ಶುರುಮಾಡಬಹುದು ಅಂತ ಕೊಡುವ ‘ಸ್ವಾಧೀನಾನುಭವ ಪ್ರಮಾಣ ಪತ್ರ’ (ಆಕ್ಯುಪೆನ್ಸಿ ಸರ್ಟಿಫಿಕೇಟ್, ಓಸಿ) ಅಂತೂ ಒಂದೇ ಉಸಿರಿನಲ್ಲಿ ಹೇಳಲು ಆಗುವುದಿಲ್ಲ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಆ ಪತ್ರ ತೋರಿಸಿದ ಮೇಲೆಯೇ ಕರೆಂಟು, ನೀರು ಕೊಡಿ ಅಂದ ಮೇಲೆ ಎಲ್ಲರ ಬಾಯಲ್ಲೂ ‘ಓಸಿ’ ಬಂದಿದೆ. ಓಸಿ ಅಂದರೆ ಮಟ್ಕಾ ಅಂತ ತಿಳಿದಿದ್ದ ಹಿರಿಯರು ಗಾಬರಿಯಾಗುತ್ತಿದ್ದಾರೆ. ‘ವಾಸದ ಪತ್ರ’ ಅಂದರೆ ವಾಸಸ್ಥಳ ದೃಢೀಕರಣದ ಜೊತೆ ಬೆರೆತುಹೋಗುತ್ತದೆ. ‘ಒಕ್ಕಲು ಪತ್ರ’ ಹೇಗಿದೆ? ಗೃಹಪ್ರವೇಶಕ್ಕೆ ಮನೆ ಒಕ್ಕಲು ಅನ್ನುವ ರೂಢಿ ನಮ್ಮಲ್ಲಿ ಇದ್ದೇ ಇದೆಯಲ್ಲ.

ಕೈಪಿಡಿಯ ಬರೆ ಪುಟದ ಕರಡು ಸದ್ಯಕ್ಕೆ ಹೀಗಿದೆ: ‘ಬರೆ ಕಡಿಯುವ ಮೊದಲೇ ಪ್ಲಾನಿನಲ್ಲಿ ಬರೆ ತೋರಿಸಿ. ಗಡಿಯಿಂದ ಎಷ್ಟು ಬಿಟ್ಟಿದ್ದೀರಿ ಅನ್ನುವುದು ಸೆಟ್‌ಬ್ಯಾಕ್. ಬರೆಯ ಬುಡದಿಂದ ಎಷ್ಟು ಬಿಟ್ಟಿದ್ದೀರಿ ಅನ್ನುವುದು ಬೇರೆ ಲೆಕ್ಕ, ಅದನ್ನೂ ಬರೆಯಿರಿ.’ ಕೊನೆಯ ‘ಬರೆಯಿರಿ’ಯನ್ನು ‘ನಮೂದಿಸಿ’ ಮಾಡಲೇ? ಬೇರೆ ಜಿಲ್ಲೆಯವರಿಗೆ ಇದು ಓದಿದ ತಕ್ಷಣ ತಿಳಿಯುತ್ತದೆಯೇ ಅಥವಾ ಕೆಳಗೆ ‘ಬರೆ = ದರೆ’ ಅಂತ ಒಂದು ಸಾಲು ಸೇರಿಸಬೇಕೇ, ತಿಳಿಸಿ.