‘ಮೇಲೆ’ ಎಂದರೆ ಆಮೇಲೆಯೋ, ಅದರಿಂದಲೋ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆಂದು, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ‘ಹೊಸ ಮದ್ದು ಹೊಡೆದ ಬಳಿಕ ಕೊಳೆ ನಿಂತಿತು’ ಎಂದಿದ್ದೆ. ಕರಡು ತಿದ್ದಿದ ಗೆಳೆಯರು ‘ಬಳಿಕ’ವನ್ನು ಹೊಡೆದುಹಾಕಿ ‘ಮೇಲೆ’ ಮಾಡಿದರು. ಓದಲು ಸಲೀಸಂತೆ. ಸಲೀಸೇನೋ ಹೌದು, ಆದರೆ ನಾನು ಹೇಳದ ಮಾತೊಂದು ಅಲ್ಲಿ ಬಂದು ಕೂತಿತು. ‘ಊಟವಾದ ಮೇಲೆ ಮಲಗಿದ’ ಎಂಬಲ್ಲಿ ‘ಮೇಲೆ’ ಹೊತ್ತನ್ನಷ್ಟೇ ಹೇಳುತ್ತದೆ. ‘ಇಷ್ಟು ಕರೆದ ಮೇಲೆ ಹೋಗದಿರಲು ಆಗುತ್ತದೆಯೇ’ ಎಂಬಲ್ಲಿ ಕಾರಣವನ್ನೇ ಹೇಳುತ್ತದೆ. ಅಲ್ಲಿ ‘ಬಳಿಕ’ ಹಾಕಿದರೆ ನನ್ನ ಕಿವಿಗೆ ಒಗ್ಗುವುದಿಲ್ಲ. ನಿಮ್ಮ ಕಿವಿಗೆ?

ತೋಟದಲ್ಲಿ ಇದು ದುಡ್ಡಿನ ಪ್ರಶ್ನೆ. ಜಡಿಮಳೆಯಲ್ಲಿ ಮದ್ದು ಹೊಡೆಯಲಾಗದು, ಹೊಳವಾಗಬೇಕು, ಅಂದರೆ ಮಳೆ ಬಿಟ್ಟು ಬಿಸಿಲು ಕಾಣಬೇಕು. ಪಕ್ಕದ ಮನೆಯ ಭಾವ ಕಳೆದ ಶ್ರಾವಣದಲ್ಲಿ ಮೂರು ದಿನ ಹೊಳವಾದಾಗ ಅಂಗಡಿಯವರು ಕೊಟ್ಟ ಯಾವುದೋ ಮದ್ದು ಹೊಡೆಸಿದರು. ಕೊಳೆ ನಿಂತಿತು. ಆದರೆ ತೇವದಲ್ಲಿ ಹಬ್ಬುವ ರೋಗ ಬಿಸಿಲು ಬಿದ್ದರೆ ತಾನಾಗಿಯೂ ತಗ್ಗುತ್ತದೆ. ಮದ್ದಿಗೆ ಎಡೆ ಮಾಡಿಕೊಟ್ಟದ್ದು ಹೊಳವು. ಕೊಳೆಯನ್ನು ತಗ್ಗಿಸಿದ್ದೂ ಹೊಳವೇ ಇರಬಹುದು. ಆ ಮದ್ದು ಹೊಡೆಯದ ತೋಟದಲ್ಲಿ ಅದೇ ವಾರ ಏನಾಯಿತು ಎಂದು ನೋಡದೆ ಹೇಳುವುದು ಹೇಗೆ? (ಮಳೆಗಾಲಕ್ಕೆ ಮೊದಲೇ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಮಾತು ಬೇರೆ. ಅದರ ಬಗ್ಗೆ ನನ್ನ ತಕರಾರಿಲ್ಲ.)

ಇನ್ನು, ಆಮೇಲೆ ಆದದ್ದನ್ನು ಅದರಿಂದಲೇ ಆಯಿತು ಎಂದು ನಂಬುವ ಈ ತಪ್ಪಿಗೆ ಹೆಸರು. ಗೆಳೆಯರು ‘ಕಾಕತಾಳೀಯ’ ಸೂಚಿಸಿದರು. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಯಾಯಿತು ಎಂಬ ಸಂಗತಿಯ ಹೆಸರು ಅದು. ಹಣ್ಣನ್ನು ಕಾಗೆಯೇ ಕೆಡವಿತೆಂದು ನಂಬಿದವನ ತಪ್ಪಿನ ಹೆಸರಲ್ಲ. ಪತ್ರಿಕೆಗಳ ಬಳಕೆಯಲ್ಲಿ ಸವೆದು ಈಗ ‘ಆಕಸ್ಮಿಕ’ ಎಂದಷ್ಟೇ ಉಳಿದಿದೆ. ಭಾವನ ತೋಟದಲ್ಲಿ ಆದದ್ದು ಆಕಸ್ಮಿಕವೂ ಅಲ್ಲ, ಎರಡಕ್ಕೂ ಬೇರು ಒಂದೇ. ‘ಹೇತ್ವಾಭಾಸ’ ಎಂದರೆ ತರ್ಕದಲ್ಲಿ ಕೊಡುವ ಹುಸಿ ಕಾರಣ; ಅದು ತೀರಾ ಅಗಲವಾಯಿತು. ನ್ಯಾಯಶಾಸ್ತ್ರದ (ಹಳೆಯ ತರ್ಕಶಾಸ್ತ್ರದ) ‘ಅನ್ಯಥಾಸಿದ್ಧ’ ಹತ್ತಿರ ಬರುತ್ತದೆ: ಮಡಕೆಯಾಗುವ ಮೊದಲು ಮಣ್ಣು ಹೊತ್ತು ತಂದ ಕತ್ತೆ ಇದ್ದದ್ದು ನಿಜ, ಆದರೂ ಅದನ್ನು ಮಡಕೆಯ ಕಾರಣವೆಂದು ಎಣಿಸುವುದಿಲ್ಲ. ಈ ಪದವನ್ನು ಭಾವನ ಮುಂದಿಟ್ಟರೆ ಕವಳದ ಬಟ್ಟಲನ್ನು ನನ್ನತ್ತ ಸರಿಸಿ ಮಾತು ಬದಲಿಸುತ್ತಾರೆ. ‘ಕುಂಬಾರನ ಕತ್ತೆ’ ಎಂದರೆ ಅರ್ಥವಾದೀತು; ಕತ್ತೆ ಯಾರೆಂದು ಕೇಳಿದರೆ ಕಷ್ಟ.

ಕುಮಟಾ, ಅಂಕೋಲಾ, ಕಾರವಾರದ ಕಡೆ ಇಂಥ ತಪ್ಪಿಗೆ ಆಡುಮಾತಿನ ಹೆಸರೇನಾದರೂ ಇದೆಯೇ? ಕರಡಿನಲ್ಲಿ ಸದ್ಯ ‘ಬಳಿಕ’ವನ್ನೇ ಮರಳಿ ಕೂರಿಸಿದ್ದೇನೆ. ಅಚ್ಚಿಗೆ ಹೋಗಲು ಇನ್ನೊಂದು ವಾರವಿದೆ.