ಮಂಗನ ಕಾಯಿಲೆ, ಮಂಗನ ಬಾವು, ಮಂಗನ ಸಿಡುಬು: ಮೂರರಲ್ಲೂ 'ಮಂಗನ' ಎಂದರೆ ಒಂದೇ ಅರ್ಥವೇ?

ಪ್ರಶ್ನೆ:

ಮಲೆನಾಡಿನ ಊರುಗಳಲ್ಲಿ ಹಂಚಬೇಕಾದ ಆರೋಗ್ಯ ಕರಪತ್ರವೊಂದರ ಕರಡು ತಿದ್ದಲು ಕೈಗೆ ಬಂದಿದೆ. 'ಮಂಗಗಳಿಂದ ಹರಡುವ ಅಂಟುರೋಗಗಳು' ಎಂಬ ತಲೆಬರಹದ ಕೆಳಗೆ ಮಂಗನ ಕಾಯಿಲೆ, ಮಂಗನ ಬಾವು, ಮಂಗನ ಸಿಡುಬು ಮೂರನ್ನೂ ಸಾಲಾಗಿ ಇಟ್ಟಿದ್ದಾರೆ. ಇವು ಒಂದೇ ಗುಂಪಿಗೆ ಸೇರುತ್ತವೆಯೇ? 'ಮಂಗನ' ಎಂಬ ಷಷ್ಠಿ ಮೂರರಲ್ಲೂ ಒಂದೇ ಸಂಬಂಧವನ್ನು ಹೇಳುತ್ತದೆಯೇ? ಕಚ್ಚುವ ಹುಳಕ್ಕೆ ಕರಡಿನಲ್ಲಿ ಒಮ್ಮೆ ಉಣ್ಣೆ, ಒಮ್ಮೆ ಉಣುಗು, ಒಮ್ಮೆ ಚಿಗಟ ಎಂದಿದೆ. ಅದರ 'ನಿಂಫ್' ಹಂತಕ್ಕೆ 'ಅಪ್ಸರೆ' ಎಂದು ಬರೆದಿದ್ದಾರೆ. 'ಈ ರೋಗಕ್ಕೆ ಚಿಕಿತ್ಸೆ ಇಲ್ಲ' ಎಂಬ ಸಾಲೂ ಇದೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:

ಮೊದಲು ಆ ತಲೆಬರಹ ತೆಗೆಯಿರಿ ಸರ್. ಮೂರಕ್ಕೂ ಅದು ಹೊಂದುವುದಿಲ್ಲ. ಇವು ಮೂರು ಬೇರೆ ಬೇರೆ ಕುಟುಂಬದ ವೈರಸ್‌ಗಳು. ಹರಡುವ ದಾರಿ ಬೇರೆ, ಮಾದರಿ ತೆಗೆಯುವ ಜಾಗ ಬೇರೆ, ಆರೈಕೆಯೂ ಬೇರೆ.

ಮಂಗನ ಕಾಯಿಲೆಯಲ್ಲಿ 'ಮಂಗನ' ಎಂದರೆ 'ಮಂಗಕ್ಕೂ ಬರುವ, ಮಂಗ ಸಾಯುವುದರಿಂದ ಗೊತ್ತಾಗುವ' ಎಂದರ್ಥ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಎದ್ದಿತು. ಹಳದಿ ಜ್ವರ ಇಂಡಿಯಾಕ್ಕೆ ಬಂತೇನೋ ಎಂಬ ಆತಂಕದಲ್ಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದರು. ಸಿಕ್ಕಿದ್ದು ಹೊಸ ವೈರಸ್, ರಷ್ಯಾದ ಕಡೆ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿನ ಹತ್ತಿರದ ನೆಂಟ. ಮನುಷ್ಯನಿಗೆ ಅದನ್ನು ದಾಟಿಸುವುದು ಉಣುಗು. ಮಂಗನ ಮೈಯಲ್ಲಿ ವೈರಸ್ ಬಹಳ ಬೇಗ ಹೆಚ್ಚುತ್ತದೆ. ಮಂಗ ಸತ್ತಾಗ ಅದರ ಮೇಲಿದ್ದ ಉಣುಗುಗಳು ಕೆಳಗುದುರಿ ಆ ಜಾಗದಲ್ಲೇ ಹರಡಿಕೊಳ್ಳುತ್ತವೆ. ಹಾಗಾಗಿ ಅಪಾಯ ಇರುವುದು ಮಂಗ ಸತ್ತು ಬಿದ್ದ ನೆಲದಲ್ಲಿ. ಮನುಷ್ಯನಿಂದ ಮನುಷ್ಯನಿಗೆ ಇದು ದಾಟುವುದಿಲ್ಲ.

ಇಲ್ಲೇ 'ಅಂಟುರೋಗ' ಎಂಬ ಪದ ಎಡವಿಸುತ್ತದೆ. ಸೋಂಕು ಎಂದರೆ ರೋಗಾಣು ಮೈಗೆ ಹೊಕ್ಕು ಬೆಳೆಯುವುದು. ಅಂಟು ಎಂದರೆ ಒಬ್ಬರಿಂದ ಒಬ್ಬರಿಗೆ ಹತ್ತುವುದು. ಮಂಗನ ಕಾಯಿಲೆ ಸೋಂಕು ಹೌದು, ಅಂಟು ಅಲ್ಲ. 'ಅಂಟುರೋಗ' ಎಂದು ಅಚ್ಚಾದರೆ ಜ್ವರ ಬಂದವರ ಮನೆಗೆ ನೆರೆಯವರು ಬರುವುದು ನಿಲ್ಲುತ್ತದೆ, ಆಸ್ಪತ್ರೆಗೆ ಕರೆದೊಯ್ಯಲು ಜನ ಹಿಂಜರಿಯುತ್ತಾರೆ.

ಮಂಗನ ಬಾವಿಗೂ ಮಂಗಕ್ಕೂ ಯಾವ ನಂಟೂ ಇಲ್ಲ. ಅದು ಮಂಪ್ಸ್, ದಕ್ಷಿಣದ ಜಿಲ್ಲೆಗಳಲ್ಲಿ ಕೆಪ್ಪಟರಾಯ ಎಂದೂ ಹೇಳುತ್ತಾರೆ. ಕಿವಿಯ ಮುಂದಿನ ಜೊಲ್ಲುಗ್ರಂಥಿ ಊದಿ, ಮುಖ ಮಂಗನ ಮುಖದಂತೆ ಉಬ್ಬುವುದರಿಂದ ಆ ಹೆಸರು ಎಂಬುದು ರೂಢಿಯ ವಿವರಣೆ. ಇಲ್ಲಿ ಷಷ್ಠಿ ಬರಿಯ ಹೋಲಿಕೆಗೆ ಬಂದಿದೆ. ಈ ವೈರಸ್ಸಿಗೆ ಮನುಷ್ಯನೇ ಮನೆ. ಕೆಮ್ಮು, ಸೀನು, ಎಂಜಲಿನಿಂದ ಹರಡುತ್ತದೆ, ಅಂದರೆ ಮೂರರಲ್ಲಿ ನಿಜವಾಗಿ ಚೆನ್ನಾಗಿ ಅಂಟುವುದು ಇದೇ. ಬಾವು ಕಾಣುವ ಎರಡು ದಿನ ಮೊದಲಿನಿಂದ, ಕಂಡ ಐದು ದಿನದವರೆಗೆ ಹರಡುವುದರಿಂದ ಮಗುವನ್ನು ಆ ಐದು ದಿನ ಶಾಲೆಗೆ ಕಳಿಸಬಾರದು.

ಮೂರನೆಯದರ ಹೆಸರು ಅಕಸ್ಮಾತ್ತಾಗಿ ಬಂದದ್ದು. 1958ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಾಲಯದ ಮಂಗಗಳಲ್ಲಿ ಮೊದಲು ಕಂಡಿತೆಂದು ಮಂಕಿಪಾಕ್ಸ್ ಎಂದರು. ಕಾಡಿನಲ್ಲಿ ಆ ವೈರಸ್ಸನ್ನು ಉಳಿಸಿಕೊಂಡಿರುವುದು ಹೆಚ್ಚಾಗಿ ಆಫ್ರಿಕದ ಇಲಿ, ಅಳಿಲಿನಂಥ ಪ್ರಾಣಿಗಳು. ಮನುಷ್ಯರಲ್ಲಿ ಮೊದಲು ಕಂಡದ್ದು 1970ರಲ್ಲಿ, ಕಾಂಗೋದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2022ರ ನವೆಂಬರಿನಲ್ಲಿ ಎಂಪಾಕ್ಸ್ ಎಂದು ಹೆಸರು ಬದಲಿಸಿತು. 'ಮಂಗನ ಸಿಡುಬು' ಎಂಬುದು ಹಳೆಯ ಇಂಗ್ಲಿಷ್ ಹೆಸರಿನ ಅನುವಾದ, ನಮ್ಮ ಜನ ಇಟ್ಟ ಹೆಸರಲ್ಲ. ಅದನ್ನು ಬಿಟ್ಟು ಎಂಪಾಕ್ಸ್ ಎಂದೇ ಬರೆಯಿರಿ. ಮಂಗನ ಕಾಯಿಲೆ ಇರುವ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನಲ್ಲಂತೂ ಬೇಡವೇ ಬೇಡ. 2025ರ ಜನವರಿಯಲ್ಲಿ ಮಂಗಳೂರಿನಲ್ಲಿ ಎಂಪಾಕ್ಸ್ ಪ್ರಕರಣ ದೃಢಪಟ್ಟಾಗಲೂ ಕಾಡಿನ ಮಂಗಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ, ಅದು ವಿದೇಶದಿಂದ ಬಂದ ಸೋಂಕು. 'ಮಂಗನ ಕಾಯಿಲೆ', 'ಮಂಗನ ಬಾವು' ಮಾತ್ರ ಜನರ ಬಾಯಲ್ಲಿ ಬೇರೂರಿದ ಹೆಸರುಗಳು. ಅವನ್ನು ಬದಲಿಸಲು ಹೋದರೆ ಕರಪತ್ರ ಯಾರಿಗೂ ಅರ್ಥವಾಗುವುದಿಲ್ಲ. ಉಳಿಸಿಕೊಂಡು, ಪಕ್ಕದಲ್ಲಿ ಒಂದೊಂದು ಸಾಲಿನ ವಿವರ ಕೊಟ್ಟರೆ ಸಾಕು.

ಪತ್ತೆಯ ಭಾಗ ಹೇಗೆ ಬರೆದಿದ್ದಾರೋ ತಿಳಿಯದು. 'ರಕ್ತ ಪರೀಕ್ಷೆ ಮಾಡಿಸಿ' ಎಂದು ಮೂರಕ್ಕೂ ಒಂದೇ ಮಾತು ಇದ್ದರೆ ಅದೂ ತಪ್ಪು.

ಮಂಗನ ಕಾಯಿಲೆಗೆ ರಕ್ತವೇ ಸರಿ. ಜ್ವರದ ಮೊದಲ ವಾರದಲ್ಲಿ ರಕ್ತದಲ್ಲಿ ವೈರಸ್ ಧಾರಾಳವಾಗಿರುತ್ತದೆ, ಆಗ ವೈರಸ್ಸಿನ ಅಂಶವನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಅದನ್ನು ಹಿಡಿಯುತ್ತದೆ. ನಾಲ್ಕೈದು ದಿನ ಕಳೆದ ಮೇಲೆ, ಸೋಂಕಿನ ವಿರುದ್ಧ ಮೈ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯ ಕಾಣತೊಡಗುತ್ತದೆ, ಅದನ್ನು ಹಿಡಿಯಲು ಎಲೈಸಾ ಪರೀಕ್ಷೆ. ಎರಡನೇ ದಿನ ಬರಿಯ ಐಜಿಎಂ ಮಾಡಿಸಿದರೆ ರೋಗ ಇದ್ದರೂ 'ಇಲ್ಲ' ಎಂದೇ ಬರಬಹುದು. ಹಾಗಾಗಿ ಮಾದರಿಯ ಜೊತೆ ಹೋಗುವ ನಮೂನೆಯಲ್ಲಿ 'ಜ್ವರ ಶುರುವಾದ ದಿನ' ಎಂಬ ಕಲಂ ಬಹಳ ಮುಖ್ಯ. ಆಸ್ಪತ್ರೆಗೆ ಬಂದ ದಿನವನ್ನೇ ಅಲ್ಲಿ ಬರೆದುಬಿಡುವುದು ಸಾಮಾನ್ಯ ತಪ್ಪು. ಲ್ಯಾಬಿನವರು ಯಾವ ಪರೀಕ್ಷೆ ಮಾಡಬೇಕೆಂದು ತೀರ್ಮಾನಿಸುವುದು ಆ ತಾರೀಖು ನೋಡಿ. ರಕ್ತವನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ, ಮೂರು ಪದರದ ಡಬ್ಬಿಯಲ್ಲಿ ಕಳಿಸಬೇಕು. ಸೀರಂ (ರಕ್ತದ ತಿಳಿ ದ್ರವ) ಬೇರ್ಪಡಿಸದೆ ಇಡೀ ರಕ್ತವನ್ನು ಫ್ರೀಜರಿನಲ್ಲಿಟ್ಟರೆ ರಕ್ತಕಣಗಳು ಒಡೆದು ಮಾದರಿ ಕೆಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಇರುವ ಕೊಳವೆ ಪಿಸಿಆರ್‌ಗೆ ಬೇಡ, ಅದು ಆ ಕ್ರಿಯೆಯನ್ನೇ ತಡೆಯುತ್ತದೆ. ಜೊತೆಗೆ ಡೆಂಗಿ, ಇಲಿ ಜ್ವರವನ್ನೂ ನೋಡುತ್ತಾರೆ. ಡೆಂಗಿಯ ವೈರಸ್ ಇದೇ ಕುಟುಂಬದ್ದು. ಇಲಿ ಜ್ವರ ಬ್ಯಾಕ್ಟೀರಿಯದಿಂದ ಬರುವುದು, ಅದಕ್ಕೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಔಷಧಗಳಿವೆ. ಅದನ್ನು ಬಿಟ್ಟುಬಿಟ್ಟರೆ ವಾಸಿಮಾಡಬಹುದಾದ ರೋಗವನ್ನು ಕೈಯಾರೆ ಬೆಳೆಸಿದಂತಾಗುತ್ತದೆ.

ಮಂಗನ ಬಾವನ್ನು ಹೆಚ್ಚಾಗಿ ಕಣ್ಣಿನಿಂದಲೇ ಗುರುತಿಸುತ್ತಾರೆ. ಖಚಿತಪಡಿಸಬೇಕಿದ್ದರೆ ಒಳಗೆನ್ನೆಯ ದ್ರವ ಬೇಕು. ಬಾವಿನ ಜಾಗವನ್ನು ಸುಮಾರು 30 ಸೆಕೆಂಡು ಮೆಲ್ಲಗೆ ನೀವಿ, ಮೇಲಿನ ಎರಡನೇ ದವಡೆ ಹಲ್ಲಿನ ಎದುರು, ಗ್ರಂಥಿಯ ನಾಳ ತೆರೆದುಕೊಳ್ಳುವಲ್ಲಿ ಸ್ವಾಬ್ (ಮಾದರಿ ತೆಗೆಯುವ ಕಡ್ಡಿ) ತಿರುಗಿಸಬೇಕು. ಬಾವು ಬಂದ ಮೂರು ದಿನದೊಳಗಾದರೆ ಒಳ್ಳೆಯದು. ಎಂಪಾಕ್ಸ್‌ಗೆ ರಕ್ತ ಅಷ್ಟಾಗಿ ಉಪಯೋಗವಿಲ್ಲ. ಗುಳ್ಳೆಯನ್ನೇ ಒಣ ಸ್ವಾಬಿನಿಂದ ಗಟ್ಟಿಯಾಗಿ ಉಜ್ಜಿ ತೆಗೆಯಬೇಕು, ಒಂದಕ್ಕಿಂತ ಹೆಚ್ಚು ಗುಳ್ಳೆಗಳಿಂದ. ಇಲ್ಲವೇ ಉದುರುವ ಹಕ್ಕಳೆ ಆಗಬಹುದು. ಇಲ್ಲಿ 'ಆರ್‌ಟಿ' ಬೇಕಿಲ್ಲ, ಬರಿಯ ಪಿಸಿಆರ್. ಮೊದಲೆರಡು ವೈರಸ್‌ಗಳದ್ದು ಆರ್‌ಎನ್‌ಎ, ಅದನ್ನು ಮೊದಲು ಡಿಎನ್‌ಎ ಆಗಿ ತಿರುಗಿಸಿಕೊಳ್ಳಬೇಕು. ಎಂಪಾಕ್ಸ್‌ನದ್ದು ಡಿಎನ್‌ಎಯೇ.

ಉತ್ತರ 2:

ಹುಳದ ವಿಷಯ ಪಶುವೈದ್ಯದ ಕಡೆಯಿಂದ ಹೇಳುತ್ತೇನೆ. ಚಿಗಟ ಪೂರ್ತಿ ತಪ್ಪು. ಅದು ಕುಪ್ಪಳಿಸುವ, ಆರು ಕಾಲಿನ ಕೀಟ. ಉಣ್ಣೆ, ಉಣ್ಣಿ, ಉಣುಗು ಮೂರೂ ಒಂದೇ ಜೀವಿ, ಪ್ರದೇಶ ಬೇರೆ ಅಷ್ಟೆ. ಶಿವಮೊಗ್ಗ, ಸಾಗರ, ಸೊರಬದ ಕಡೆಗೆ ಉಣುಗು ಎಂದೇ ಇರಲಿ. ಉಣ್ಣೆ ಎಂದರೆ ಕುರಿಯ ಉಣ್ಣೆಯೂ ಆಗುತ್ತದೆ. 'ಉಣ್ಣೆಯಿಂದ ಬರುವ ರೋಗ' ಎಂಬ ಸಾಲನ್ನು ಕಂಬಳಿ ಹೊದೆಯುವವರು ಬೇರೆ ರೀತಿ ಓದಿಕೊಂಡಾರು. ಮಂಗನ ಕಾಯಿಲೆಗೆ 'ಉಣುಗು ಜ್ವರ' ಎಂಬ ಹೊಸ ಹೆಸರನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ದನಗಳಿಗೆ ಉಣುಗಿನಿಂದ ಬರುವ ಥೈಲೇರಿಯಾ, ಬೆಬೀಸಿಯಾ ಜ್ವರಗಳು ಬೇರೆಯೇ ಇವೆ. ರೈತರು ಎರಡನ್ನೂ ಒಂದು ಮಾಡಿಕೊಳ್ಳುತ್ತಾರೆ.

'ಅಪ್ಸರೆ' ದಯವಿಟ್ಟು ಬೇಡ. ಇಂಗ್ಲಿಷಿನ ನಿಂಫ್‌ಗೆ ಇರುವ ಇನ್ನೊಂದು ಅರ್ಥವನ್ನು ಎತ್ತಿ ಕೂರಿಸಿದ್ದು ಅದು, ಕೃಷಿ ಬರಹಗಳಲ್ಲೂ ನುಸುಳಿದೆ. 'ಮರಿ ಉಣುಗು' ಎನ್ನಿ. ಮಳೆಗಾಲ ಮುಗಿದ ಮೇಲೆ ಮೊಟ್ಟೆಯಿಂದ ಬರುವುದು ಆರು ಕಾಲಿನ ಮೊದಲ ಹಂತ. ರಕ್ತ ಹೀರಿ ಪೊರೆ ಕಳಚಿದ ಮೇಲೆ ಎಂಟು ಕಾಲಿನ ಮರಿ ಉಣುಗು. ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು ಇದೇ, ಜನವರಿಯಿಂದ ಮಾರ್ಚಿನವರೆಗೆ ಇದರ ಹಾವಳಿ ಜಾಸ್ತಿ. ಗಸಗಸೆ ಕಾಳಿನಷ್ಟೇ ಇರುವುದರಿಂದ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ದನದ ಕಿವಿ, ಕೆಚ್ಚಲಿನಲ್ಲಿ ದಪ್ಪಗೆ ಜೋತುಬಿದ್ದ ಉಣುಗನ್ನಷ್ಟೇ ಜನ ಉಣುಗು ಎಂದುಕೊಂಡಿರುತ್ತಾರೆ. 'ದನದ ಉಣುಗಿನಂತೆ ದೊಡ್ಡದಲ್ಲ, ಕಣ್ಣಿಗೆ ಬೀಳುವುದೇ ಕಷ್ಟ' ಎಂಬ ಸಾಲು ಕರಪತ್ರದಲ್ಲಿ ಇರಲೇಬೇಕು.

ಇನ್ನೊಂದು ಪದ: ಮಂಗ. ಕರಡಿನಲ್ಲಿ 'ಕೋತಿ ಸತ್ತಿದ್ದರೆ ತಿಳಿಸಿ' ಎಂದಿದ್ದರೆ ಅರ್ಧ ಮಾಹಿತಿ ಕೈತಪ್ಪುತ್ತದೆ. ಮಲೆನಾಡಿನ ಬಹಳ ಕಡೆ ಮಂಗ, ಕೋತಿ ಎಂದರೆ ಕೆಂಪು ಮುಖದ್ದು ಮಾತ್ರ. ಕಪ್ಪು ಮುಖದ, ಉದ್ದ ಬಾಲದ್ದು ಮುಸುವ, ಆಡುಮಾತಿನಲ್ಲಿ ಮುಸ್ಯ. ಈ ವೈರಸ್ ಎರಡನ್ನೂ ಕೊಲ್ಲುತ್ತದೆ, ಮುಸುವವನ್ನು ಹೆಚ್ಚಾಗಿ. 'ಮಂಗ ಅಥವಾ ಮುಸುವ ಸತ್ತಿದ್ದರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ' ಎಂದಿರಲಿ.

ಡೆಪಾ ಎಣ್ಣೆಯನ್ನು ಕೆಲವು ಕಡೆ 'ಮಂಗನ ಕಾಯಿಲೆಯ ಔಷಧಿ' ಎಂದು ಬರೆಯುತ್ತಾರೆ. ಅದು ಉಣುಗು ಮೈಗೆ ಹತ್ತದಂತೆ ತಡೆಯುವ ಲೇಪ, ಅಷ್ಟೆ. ದರಕು (ಒಣ ಎಲೆ), ಸೊಪ್ಪು, ಸೌದೆಗೆ ಕಾಡಿಗೆ ಹೋಗುವ ಮೊದಲು ಕೈಕಾಲು, ಕುತ್ತಿಗೆಗೆ ಹಚ್ಚಬೇಕು. ಬಂದ ಮೇಲೆ ಬಿಸಿನೀರು, ಸೋಪಿನಲ್ಲಿ ಮೈ ತಿಕ್ಕಿ ತೊಳೆದು, ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಉಣುಗು ಕಚ್ಚಿಕೊಂಡಿದ್ದರೆ ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯುವುದು. ಸೀಮೆಎಣ್ಣೆ, ಸುಣ್ಣ, ಬೀಡಿಯ ಬೆಂಕಿ ತಾಗಿಸಬಾರದು. ಕೆಣಕಿದ ಉಣುಗು ತನ್ನ ಜೊಲ್ಲನ್ನು ಗಾಯಕ್ಕೆ ಇನ್ನಷ್ಟು ಇಳಿಸಬಹುದು.

ಮರುಪ್ರಶ್ನೆ:

ಇಬ್ಬರಿಗೂ ಧನ್ಯವಾದ. ಎರಡು ಉಳಿದಿವೆ. ವರದಿಯ 'ನೆಗೆಟಿವ್' ಎಂಬುದಕ್ಕೆ ಕರಡಿನಲ್ಲಿ 'ಋಣಾತ್ಮಕ' ಎಂದಿದೆ, ಇರಲೇ? 'ಚಿಕಿತ್ಸೆ ಇಲ್ಲ' ಎಂಬ ಸಾಲನ್ನು ಹೇಗೆ ತಿದ್ದಲಿ?

ಉತ್ತರ 1:

'ಋಣಾತ್ಮಕ' ಲೆಕ್ಕದ ಪುಸ್ತಕದಲ್ಲಿರಲಿ. ಇಲ್ಲಿ 'ಈ ಮಾದರಿಯಲ್ಲಿ ವೈರಸ್ ಕಂಡುಬಂದಿಲ್ಲ' ಎಂದು ಬಿಡಿಸಿ ಬರೆಯಿರಿ. 'ಈ ಮಾದರಿಯಲ್ಲಿ' ಎಂಬ ಎರಡು ಪದ ಬಿಡಬೇಡಿ. ಬೇಗ ತೆಗೆದ, ತಡವಾಗಿ ತೆಗೆದ, ಬಿಸಿಲಲ್ಲಿ ಕೆಟ್ಟ ಮಾದರಿಗಳೆಲ್ಲ ನೆಗೆಟಿವ್ ಬರಬಹುದು. ಜ್ವರ, ಮೈಕೈ ನೋವು ಹಾಗೇ ಇದ್ದರೆ ಮತ್ತೆ ರಕ್ತ ಕೊಡಬೇಕು.

'ಚಿಕಿತ್ಸೆ ಇಲ್ಲ' ಎಂಬುದು ಇಡೀ ಕರಡಿನಲ್ಲಿ ಅತ್ಯಂತ ಅಪಾಯದ ಸಾಲು. ಮಂಗನ ಕಾಯಿಲೆಯ ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ, ನಿಜ. ಆದರೆ ಚಿಕಿತ್ಸೆ ಇದೆ, ಅದರಿಂದ ಜೀವ ಉಳಿಯುತ್ತದೆ. ಸೋಂಕಿತರಲ್ಲಿ ಸಾಯುವವರು ನೂರಕ್ಕೆ 3ರಿಂದ 5. ತಡವಾಗಿ ಬರುವುದು ಸಾವಿಗೆ ದೊಡ್ಡ ದಾರಿ, ಆ ತಡಕ್ಕೆ ಈ ಸಾಲೇ ಕಾರಣವಾಗಬಾರದು. 'ಔಷಧ ಇಲ್ಲದಿದ್ದರೂ ಆಸ್ಪತ್ರೆಯ ಆರೈಕೆಯಿಂದ ಬಹುಪಾಲು ಜನ ಗುಣವಾಗುತ್ತಾರೆ' ಎಂದು ತಿದ್ದಿ.

ಆರೈಕೆ ಎಂದರೆ ಏನೆಂದೂ ಬರೆಯಿರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ: ದೊಡ್ಡವರಿಗೆ 500ರಿಂದ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಮಕ್ಕಳಿಗೆ ತೂಕದ ಲೆಕ್ಕ, ಕಿಲೋಗೆ 10ರಿಂದ 15 ಮಿಲಿಗ್ರಾಂ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಮೈಕೈ ನೋವೆಂದು ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವ ರೂಢಿ ಇದೆ. ಪ್ಲೇಟ್‌ಲೆಟ್ ಇಳಿದಿರುವಾಗ ಸ್ನಾಯುವಿಗೆ ಚುಚ್ಚಿದರೆ ಒಳಗೇ ರಕ್ತ ಕಟ್ಟಿಕೊಳ್ಳುತ್ತದೆ. ಅಂದಹಾಗೆ, ಪ್ಲೇಟ್‌ಲೆಟ್‌ಗೆ 'ಬಿಳಿ ರಕ್ತಕಣ' ಎಂದು ಬರೆದಿದ್ದರೆ ಅದನ್ನೂ ತಿದ್ದಿ. ಅವೆರಡೂ ಬೇರೆ; ಈ ರೋಗದಲ್ಲಿ ಎರಡೂ ಇಳಿಯುವುದರಿಂದ ಗೊಂದಲ ಇನ್ನೂ ಜಾಸ್ತಿ. ಪ್ಲೇಟ್‌ಲೆಟ್ ಎಂದೇ ಇರಲಿ, ಈಗ ಎಲ್ಲರಿಗೂ ಗೊತ್ತಿರುವ ಮಾತು.

'ಜ್ವರ ಬಿಟ್ಟಿತು' ಎಂಬುದನ್ನು 'ಗುಣವಾಯಿತು' ಎಂದು ಬರೆಯಬೇಡಿ. ನೂರಕ್ಕೆ 10ರಿಂದ 20 ಜನರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ, ಈ ಸಲ ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಕಣ್ಣು ಮಂಜಾಗುವುದರ ಜೊತೆಗೆ. ಅದನ್ನು 'ಮರುಜ್ವರ' ಎಂದು ಕರೆದು, ಆಗ ಅದೇ ದಿನ ಆಸ್ಪತ್ರೆಗೆ ಬರಬೇಕೆಂದು ದಪ್ಪಕ್ಷರದಲ್ಲಿ ಹಾಕಿ.

ಮಂಗನ ಕಾಯಿಲೆಯ ಲಸಿಕೆಯ ಸಾಲು ಇದ್ದರೆ ನೋಡಿಕೊಳ್ಳಿ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್ ಎಂದು ಕೊಡುತ್ತಿದ್ದ ಹಳೆಯ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಗಿದೆ. ಹಳೆಯ ಕರಪತ್ರದಿಂದ ನಕಲಾಗಿದ್ದರೆ ಆ ಸಾಲು ಇನ್ನೂ ಉಳಿದಿರುತ್ತದೆ. ಮಂಗನ ಬಾವಿಗಾದರೆ ಎಂಎಂಆರ್ ಲಸಿಕೆ ಇದೆ, ಅದು ದಡಾರ, ಮಂಗನ ಬಾವು, ರುಬೆಲ್ಲಾ ಮೂರಕ್ಕೂ. ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ದಡಾರ, ರುಬೆಲ್ಲಾ ಎರಡರ ಎಂಆರ್. ಅದರಲ್ಲಿ ಮಂಗನ ಬಾವು ಸೇರಿಲ್ಲ. 'ಎಂಆರ್ ಹಾಕಿಸಿದ್ದೇವೆ, ಮಂಗನ ಬಾವು ಹೇಗೆ ಬಂತು?' ಎಂದು ತಾಯಂದಿರು ಕೇಳುವುದು ಇದಕ್ಕೇ. ಹಾಗಾಗಿ ಎರಡು ಅಕ್ಷರದ ಹೆಸರನ್ನೂ ಮೂರು ಅಕ್ಷರದ್ದನ್ನೂ ಕರಡಿನಲ್ಲಿ ಅದಲುಬದಲಾಗದಂತೆ ಇನ್ನೊಮ್ಮೆ ಪರಿಶೀಲಿಸಿ ಅಚ್ಚಿಗೆ ಕೊಡಿ.